ತುಪ್ಪದ ಮಿಳ್ಳೆ

ಕೊಳ್ಳೇಗಾಲದಲ್ಲಿ ನಿಂತಿದ್ದ ಸತ್ತೇಗಾಲದ ಬಸ್ಸು ಹೊರಡುವ ಲಕ್ಷಣ ಕಾಣಲಿಲ್ಲ. ಕಂಡಕ್ಟರು ಹೋಟೆಲಿನ ಮುಂದೆ ನಿಂತು, ಲೋಕದಲ್ಲಿ ಯಾರಿಗೂ ಯಾವ ಊರಿಗೂ ಹೋಗಬೇಕಾಗಿಲ್ಲವೇನೋ ಎನ್ನುವಷ್ಟು ನಿಧಾನವಾಗಿ ಕಾಫಿ ಆರಿಸಿಕೊಳ್ಳುತ್ತಿದ್ದ. ಹೆಂಗಸರ ಸೀಟಿನಲ್ಲಿ ಕಿಟಕಿಗೆ ಒತ್ತಿ ಕೂತಿದ್ದ ಚನ್ನಮಲ್ಲಮ್ಮ ಬಲಗೈಯ ಎರಡು ಬೆರಳುಗಳನ್ನು ಸೆರಗಿನೊಳಗೆ ಮಡಚಿಟ್ಟುಕೊಂಡಿದ್ದಳು. ಆ ಬೆರಳುಗಳಿಗೆ ಏನೂ ಅಂಟಿರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಅವು ಗಂಡನ ಪಾದದ ಮೇಲಿದ್ದವು, ಅಷ್ಟೆ. ಹಬ್ಬದ ದಿನ ಬಿಟ್ಟರೆ ಗಂಡನ ಪಾದ ಮುಟ್ಟಿದವಳಲ್ಲ ಅವಳು, ಅದೂ ಪರಗಂಡಸಿನ ಎದುರು. ಆಸ್ಪತ್ರೆಯ ಆ ಡಾಕ್ಟರಿಗೋ ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. "ನಾಚಿಕೋಬೇಡಿಮ್ಮ, ಇಲ್ಲಿ ಮುಟ್ಟಿ ನೋಡಿ" ಎಂದು ಅವಳ ಬೆರಳುಗಳನ್ನು ತಾನೇ ಹಿಡಿದು ಎಡಪಾದದ ಮೇಲೆ ಇಟ್ಟಿದ್ದರು. ಚರ್ಮದ ಕೆಳಗೆ ಪುಟುಪುಟು ಎಂದು ಏನೋ ಬಡಿಯುತ್ತಿತ್ತು. "ಈಗ ಬಲಗಾಲು ನೋಡಿ. ಗಟ್ಟಿಯಾಗಿ ಒತ್ತಬೇಡಿ, ನಿಮ್ಮ ಬೆರಳಿನ ನಾಡಿಯೇ ನಿಮಗೆ ಸಿಕ್ಕಿಬಿಡುತ್ತೆ." ಬಲಗಾಲಿನಲ್ಲಿ ಅವಳಿಗೆ ಯಾವ ನಾಡಿಯೂ ಸಿಗಲಿಲ್ಲ. ಪಾದ ತಣ್ಣಗಿತ್ತು, ಕೂದಲುದುರಿ ನುಣ್ಣಗಾಗಿತ್ತು. ಅವಳು ಹುಡುಕುತ್ತಲೇ ಇದ್ದಳು. ಗಂಡ ಪುಟ್ಟಮಾದಪ್ಪ ಮಾತ್ರ, ಕಾಲು ಬೇರೆ ಯಾರದೋ ಎನ್ನುವಂತೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮುಂದಿನ ಅಮಾವಾಸ್ಯೆ ಎಂದು ಬರುತ್ತದೆ ಅಂತ ನೋಡುತ್ತಿದ್ದರು.

ಈಗ ಅವರು ಹಿಂದಿನ ಸೀಟಿನಲ್ಲಿದ್ದರು. ಊರಿನ ಶಿವನಂಜಯ್ಯನ ಜೊತೆ ಭತ್ತದ ಸಸಿಯ ಒಟ್ಲಿನ ವಿಷಯ ಮಾತಾಡುತ್ತ ನಗುತ್ತಿದ್ದರು. ಆ ನಗು ಕೇಳಿ ಚನ್ನಮಲ್ಲಮ್ಮನಿಗೆ ಮೈಯೆಲ್ಲ ಉರಿಯಿತು. ಎಲ್ಲ ಗೊತ್ತಿದ್ದೂ ನಗುತ್ತಾರಲ್ಲ, ಒಂದು ವರ್ಷದಿಂದ ಹೀಗೇ ನಗುತ್ತಿದ್ದಾರಲ್ಲ ಎಂದುಕೊಂಡಳು. ಡಾಕ್ಟರ ಕೋಣೆಗೆ ಹೋಗುವಾಗ ಅವಳು ಹೊಗಳಿಸಿಕೊಳ್ಳಲು ಹೋಗಿದ್ದಳು, ಸುಳ್ಳೇಕೆ. ಹೋದ ವರ್ಷ ಮೊದಲ ಸಲ ಬಂದಾಗ ಕಾಂಪೌಂಡರು ಸಕ್ಕರೆ ನೋಡಲು ನೀಲಿ ನೀರಿಗೆ ಗಂಡನ ಮೂತ್ರದ ಹನಿ ಹಾಕಿ ದೀಪದ ಮೇಲೆ ಕಾಯಿಸಿದ್ದರು. ನೀಲಿ ಹೋಗಿ ಹಸಿರಾಗಿ, ಹಸಿರು ಹೋಗಿ ಹಳದಿಯಾಗಿ, ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತ್ತು. ಬಾಗಿಲ ಸಂದಿಯಿಂದ ಅದನ್ನು ನೋಡಿದವಳು ಊರಿಗೆ ಹೋದವಳೇ ಬೆಲ್ಲದ ಡಬ್ಬಕ್ಕೆ ಬೀಗ ಜಡಿದಳು. ಯುಗಾದಿಯ ದಿನ ಮನೆಮಂದಿಯೆಲ್ಲ ಹೋಳಿಗೆ ತಿನ್ನುವಾಗ ಅವರೊಬ್ಬರಿಗೆ ಮುದ್ದೆ ಬಡಿಸಿ, ಒಳಗೆ ಹೋಗಿ ಅತ್ತಳು. ಅವಳ ಹಟಕ್ಕೆ ಈವತ್ತು ನೀಲಿ ನೀರು ನೀಲಿಯಾಗಿಯೇ ಉಳಿದಿತ್ತು, ಅಂಚಿನಲ್ಲಿ ಒಂದಿಷ್ಟು ಹಸಿರು ಬಿಟ್ಟರೆ. ಗಂಡನನ್ನು ಬಟ್ಟೆ ಹಾಕಿಕೊಳ್ಳಲು ಆಚೆ ಕಳಿಸಿ ಡಾಕ್ಟರು ಕೇಳಿದ್ದರು, "ಸಕ್ಕರೆ ಹಿಡಿತಕ್ಕೆ ಬಂದಿದೆ. ಮನೇಲಿ ಪಥ್ಯ ಯಾರು ನೋಡ್ಕೊಳ್ತೀರಿ?" ಅವಳು ತುಂಬಿದ ಮನಸ್ಸಿನಿಂದ, "ನಾನೇ ಕಣ್ ಸ್ವಾಮಿ" ಎಂದಳು. ಅಷ್ಟಕ್ಕೇ ಬಿಡಬಹುದಾಗಿತ್ತು. "ಸೀ ಅನ್ನೋದ್ನ ಕಣ್ಣಿಗೂ ತೋರ್ಸಲ್ಲ. ಅನ್ನ ಒಂದು ಇಡಿ ಅಷ್ಟೆ. ಅದ್ಕೆ ಮೈ ಸೊರಗ್ಬಾರ್ದಲ್ಲ ಅಂತ ಮುದ್ದೆಗೆ ತುಪ್ಪ ಮಾತ್ರ ದಾರಾಳ್ವಾಗಿ ಬಗ್ಗುಸ್ತೀನಿ."

ಡಾಕ್ಟರ ಪೆನ್ನು ನಿಂತಿತು. "ತುಪ್ಪ ಬಿಡಿಸಬೇಕು ಅಂತ ಹೋದ ವರ್ಷವೇ ಹೇಳಿ ಕಳಿಸಿದ್ದೆನಲ್ಲಮ್ಮ. ಯಜಮಾನರು ನಿಮಗೆ ಹೇಳಲಿಲ್ಲವೆ?"

ಆ ಕ್ಷಣದಲ್ಲಿ ಅವಳ ಬಾಯಿಂದ ಬಂದ ಮಾತು ಅವಳಿಗೇ ಆಶ್ಚರ್ಯ. "ಏಳಿದ್ರು" ಎಂದಳು. ಗಂಡ ಹೆಂಡತಿಗೆ ಇಂಥದ್ದನ್ನು ಹೇಳದೆ ಇರುತ್ತಾನೆ ಎಂದು ಹೊರಗಿನವರಿಗೆ ಗೊತ್ತಾಗುವುದು ಬೇಡ ಎನ್ನಿಸಿತ್ತು, ಅಷ್ಟೆ ಇರಬೇಕು. ಅದಕ್ಕೆ ತೆತ್ತದ್ದು ಮಾತ್ರ ಚೆನ್ನಾಗಿಯೇ ತೆತ್ತಳು. ಮಗನ ವಯಸ್ಸಿನ ಆ ಡಾಕ್ಟರು ಅವಳನ್ನು ನಿಲ್ಲಿಸಿಕೊಂಡು, ಪಾಠ ಒಪ್ಪಿಸದ ಮಕ್ಕಳನ್ನು ಬೈಯುವಂತೆ ಬೈದರು. ಹೇಳಿದ ಮೇಲೂ ಹಾಕುತ್ತೀರಾ, ನಿಮಗೆ ಗಂಡ ಬೇಡವೇ ಎಂದರು. ರಕ್ತ ಹರಿಯುವ ನಾಳದ ಒಳಗೋಡೆಗೆ ಜಿಡ್ಡು ಕಟ್ಟುತ್ತದೆ, ವಯಸ್ಸಾದಂತೆ ಎಲ್ಲರಿಗೂ ಕಟ್ಟುತ್ತದೆ, ಆದರೆ ಸಕ್ಕರೆ ಕಾಯಿಲೆಯವರಿಗೆ ಬೇಗ ಕಟ್ಟುತ್ತದೆ ಎಂದರು. ಮೂತ್ರ ನೀಲಿ ತೋರಿಸಿದ ಮಾತ್ರಕ್ಕೆ ನಾಳ ಚೊಕ್ಕಟವಾಗಿದೆ ಎಂದಲ್ಲ. ಬಲಗಾಲಿಗೆ ರಕ್ತ ಸಾಲದೆಯೇ ನಡೆದರೆ ಮೀನಖಂಡ ಹಿಡಿದುಕೊಳ್ಳುವುದು. "ತುಪ್ಪ, ಬೆಣ್ಣೆ, ಕೊಬ್ಬರಿ, ವನಸ್ಪತಿ, ಇವು ಬೇಡ. ಒಗ್ಗರಣೆಗೆ ಹುಚ್ಚೆಳ್ಳೆಣ್ಣೆಯೋ ಎಳ್ಳೆಣ್ಣೆಯೋ ಒಂದು ಚಮಚ ಸಾಕು. ಬೀಡಿ ಪೂರ್ತಿ ಬಿಡಲಿ. ದಿನಾ ನಡೀಲಿ, ನೋವು ಬಂದರೆ ನಿಲ್ಲಲಿ, ಹೋದ ಮೇಲೆ ಮತ್ತೆ ನಡೀಲಿ. ಬರಿಗಾಲಲ್ಲಿ ಗದ್ದೆಗೆ ಬಿಡಬೇಡಿ. ಒಂದು ಮುಳ್ಳು ಚುಚ್ಚಿದರೂ ನೀವು ನೋಡಬೇಕು. ರಕ್ತ ಇಲ್ಲದ ಕಡೆ ಗಾಯ ಮಾಯೋದಿಲ್ಲ. ಮೊದಲು ಬೆರಳು ತೆಗೀಬೇಕಾಗುತ್ತೆ, ಆಮೇಲೆ ಕಾಲು." ಅವಳು ತಲೆ ತಗ್ಗಿಸಿ, ಆಗಲಿ ಸ್ವಾಮಿ, ಆಗಲಿ ಸ್ವಾಮಿ ಎನ್ನುತ್ತಿದ್ದಳು. ಪರದೆಯಾಚೆ ಗಂಡ ಕಾಂಪೌಂಡರ ಹತ್ತಿರ ಸತ್ತೇಗಾಲದ ತೆಂಗಿನಕಾಯಿಯ ಗುಣ ಹೊಗಳುವುದು ಕೇಳಿಸುತ್ತಿತ್ತು.

ಬಸ್ಸು ಕೊನೆಗೂ ಅಲುಗಾಡಿ ಹೊರಟಿತು. ರೇಷ್ಮೆಗೂಡಿನ ಚೀಲಗಳ ವಾಸನೆ ಹಿಂದಕ್ಕೆ ಸರಿದು ಬಯಲಿನ ಗಾಳಿ ಮುಖಕ್ಕೆ ಬಡಿಯಿತು. ಒಂದು ವರ್ಷ ಪ್ರತಿ ದಿನ ಎರಡು ಹೊತ್ತು ತಾನು ಸುರಿದದ್ದನ್ನು, ಅದು ಏನೆಂದು ಗೊತ್ತಿದ್ದೂ ಉಂಡರಲ್ಲ. ಯಾಕೆ? ಕಾಡುಸೀಮೆಯಿಂದ ಬಂದವಳು, ಇವಳಿಗೇನು ತಿಳಿದೀತು ಎಂದೇ? ಅಥವಾ ನಾಲಿಗೆಯ ಚಪಲವೇ? ಬೆಲ್ಲ ಹೋಯಿತು, ಇದಾದರೂ ಇರಲಿ ಎಂದೇ? ಹಾಗಾದರೆ ಮಾಡಿದ್ದು ಅವರು, ಮಾಡಿಸಿದ್ದು ನನ್ನ ಕೈಯಲ್ಲಿ. ನಾಳೆ ಕಾಲು ತೆಗೆದರೆ ಊರಿನವರು ಅಯ್ಯೋ ಪಾಪ ಎನ್ನುವುದು ಅವರಿಗೆ, ನನ್ನ ಕೈಗೆ ಏನೆನ್ನುತ್ತಾರೆ? ಅವಳಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಮತ್ತೆ ಸಿಟ್ಟು ಬಂತು. ತೊಡೆಯ ಮೇಲಿನ ಚೀಲದಿಂದ ಘಾಟು ವಾಸನೆಯೊಂದು ಮೇಲೇಳುತ್ತಿತ್ತು. ಗಂಡ ಹೋಟೆಲಿಗೆ ಹೋದಾಗ ಅವಳು ಗಾಣದವರ ಅಂಗಡಿಯಲ್ಲಿ ಒಂದು ಸೀಸೆ ಹುಚ್ಚೆಳ್ಳೆಣ್ಣೆ ಕೊಂಡಿದ್ದಳು. ಬಟ್ಟೆ ತುರುಕಿದ ಬಾಯಿಯಿಂದ ಜಿನುಗಿ ಚೀಲವೆಲ್ಲ ಅದೇ ವಾಸನೆಯಾಗಿತ್ತು. ತವರು ಲೊಕ್ಕನಹಳ್ಳಿಯ ಅಡುಗೆಮನೆ ಇದೇ ವಾಸನೆ ಹೊಡೆಯುತ್ತಿತ್ತು. ಅಪ್ಪ ಕೆಂಪನಂಜಪ್ಪನಿಗೆ ಕಾಡಂಚಿನ ದೊಡ್ಡಿಯಲ್ಲಿ ಹಟ್ಟಿ ತುಂಬ ದನ, ಆದರೆ ಮಕ್ಕಳಿಗೆ ತುಪ್ಪವೆಂದರೆ ಡಬ್ಬ ತುಂಬಿ ಕೊಳ್ಳೇಗಾಲಕ್ಕೆ ಹೋಗುವ ಒಂದು ಪದಾರ್ಥ. ಕಾಯಿಸಿದ ದಿನ ತಳದಲ್ಲಿ ಕೂತ ಕರಿಯ ಗಷ್ಟನ್ನು ಅವ್ವ ಉಗುರಿನಲ್ಲಿ ಕೆರೆದು ನಾಲಿಗೆಗೆ ಸವರಿದರೆ ಅದೇ ಹಬ್ಬ. ಉಳಿದ ದಿನವೆಲ್ಲ ಹುಚ್ಚೆಳ್ಳು. ಅವಳ ಮಟ್ಟಿಗೆ ತುಪ್ಪ ಎಂದರೆ ಮಾರುವುದೇ ಹೊರತು ಉಣ್ಣುವುದಲ್ಲ.

ಅದಕ್ಕೇ ಗಂಡನ ಮನೆಯ ಮೊದಲ ಪಂಕ್ತಿಯಲ್ಲಿ ಅವಳ ಕೈ ತಡೆದದ್ದು. ಬೆಳ್ಳಿಯಂತೆ ಬೆಳಗಿದ ಮಿಳ್ಳೆಯನ್ನು ಅತ್ತೆ ಅವಳ ಕೈಗೆ ಕೊಟ್ಟಿದ್ದರು, ತುಪ್ಪ ಬಡಿಸು ಎಂದು. ಜಗಲಿಯ ತುಂಬ ನೆಂಟರು. ಅವಳು ಒಬ್ಬೊಬ್ಬರ ಮುದ್ದೆಯ ನೆತ್ತಿಗೆ ದೇವರಿಗೆ ತೀರ್ಥ ಬಿಡುವಂತೆ ಹನಿಹನಿ ಬಿಟ್ಟು ಮುಂದೆ ಹೋದಳು. ಅತ್ತೆ ಬಾಗಿಲಿನಿಂದ ಎಲ್ಲರಿಗೂ ಕೇಳುವಂತೆ ಅಂದರು, "ನಿಮ್ಮಪ್ಪನ ಮನೇಲಿ ತುಪ್ಪ ಮಾರ್ತಾರಂತೆ. ನಾವು ಉಣ್ತೀವಿ ಕಣವ್ವ. ಈ ಮನೇಲಿ ಬಡ್ಸೋರು ಕೈ ಇಡೀಬಾರ್ದು. ಉಣ್ಣೋರು ಸಾಕು ಅನ್ನೋಗಂಟ ಬಗ್ಸು." ನೆಂಟರು ನಕ್ಕರು. ಮುಂದಿನ ಎಲೆ ಗಂಡನದೇ ಆಗಿತ್ತು. ಅವಳು ಕಣ್ಣು ಮಂಜಾಗಿ ಮಿಳ್ಳೆ ಬಗ್ಗಿಸಿದಳು, ಬಗ್ಗಿಸಿಯೇ ಇದ್ದಳು. ಮುದ್ದೆ ಮುಳುಗಿತು. ಅವರು ಎಲೆ ನೋಡಲಿಲ್ಲ, ಅವಳ ಮುಖ ನೋಡುತ್ತ ಕೂತಿದ್ದರು. ಸಾಕು ಎನ್ನಲಿಲ್ಲ. ಮಿಳ್ಳೆ ಬರಿದಾದ ಮೇಲೆ ಒಂದು ಹನಿ ಬಿಡದೆ ಉಂಡು ಎದ್ದರು. ಸಂಜೆ ಕೊಟ್ಟಿಗೆಯ ಹಿಂದೆ ಸಿಕ್ಕಿ, "ನಾನು ಸಾಕು ಅಂದಿದ್ರೆ, ನೋಡಿ ಇವ್ಳು ಗಂಡನ್ಗೂ ಕೈ ಇಡಿದ್ಲು ಅಂತಿದ್ಲು ನಮ್ಮವ್ವ. ಅದ್ಕೇ ಅನ್ನಲೇ ಇಲ್ಲ. ನಾನು ಯಾವತ್ತೂ ಸಾಕು ಅನ್ನಕಿಲ್ಲ, ನೀನು ಕೈ ಇಡೀಬ್ಯಾಡ" ಎಂದು ದೊಡ್ಡಸ್ತಿಕೆಯಿಂದ ಹೇಳಿ, "ಒಟ್ಟೆ ತೊಳುಸ್ತಾ ಅದೆ, ಒಂದು ನಿಂಬೆಣ್ಣು ಇದ್ರೆ ಕೊಡು" ಎಂದಿದ್ದರು. ಆ ಗಳಿಗೆಯಲ್ಲೇ ಅವಳಿಗೆ ಗಂಡ ಇಷ್ಟವಾದದ್ದು.

ಕೊಳ್ಳೇಗಾಲ ಮೈಸೂರು ಸೀಮೆಗೆ ಸೇರಿದ ವರ್ಷ ಅತ್ತೆ ತೀರಿಕೊಂಡರು. ಹೇಳುವವರು ಹೋದರೂ ಹೇಳಿದ ಮಾತು ಮನೆಯಲ್ಲಿ ಉಳಿಯಿತು. ಗಂಡಹೆಂಡಿರು ಹಗಲು ಹೊತ್ತು ನಾಲ್ಕು ಮಾತು ಆಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಇದ್ದದ್ದು ಇದೊಂದೇ. ಅವಳು ಬಗ್ಗಿಸುವುದು, ಅವರು ಮುಖ ನೋಡುವುದು, ಮಿಳ್ಳೆ ಬರಿದಾಗುವುದು. ಸಕ್ಕರೆ ಕಾಯಿಲೆ ಎಂದು ತಿಳಿದ ಮೇಲೆ ಅವಳು ದಿನದ ಪುಟ್ಟ ಮಿಳ್ಳೆಯನ್ನು ಗೂಡಿಗಿಟ್ಟು, ಅತ್ತೆಯ ಕಾಲದ ಹಬ್ಬದ ದೊಡ್ಡ ಮಿಳ್ಳೆ ತೆಗೆದಳು. ಬೆಲ್ಲ ಕಿತ್ತುಕೊಂಡ ಕೈ ಏನನ್ನಾದರೂ ಕೊಡಬೇಕಲ್ಲ. ತುಪ್ಪವೇನು ಸಿಹಿಯೇ? ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ, ಆದರೆ ಆ ಮನೆಯಲ್ಲಿ ಊಟ ಬಲ್ಲವಳು ತಾನೊಬ್ಬಳೇ ಎಂದು ಅವಳು ನಂಬಿದ್ದಳು. ಬಸ್ಸು ಕುಲುಕಿತು. ಹಿಂದಿನ ಸೀಟಿನಲ್ಲಿ ಅವರು ಇನ್ನೂ ನಗುತ್ತಿದ್ದರು. ದೊಡ್ಡ ಮಿಳ್ಳೆ ಮೊದಲ ಸಲ ಕೈಯಲ್ಲಿ ಕಂಡ ದಿನ ಅವರ ಮುಖ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದಳು. ಡಾಕ್ಟರು ಅವರಿಗೆ ಹೇಳಿ ವಾರವೂ ಆಗಿರಲಿಲ್ಲ ಆಗ. ಅವರು ಏನೋ ಹೇಳಲು ಬಾಯಿ ತೆರೆದಿದ್ದರು, ಅದು ಈಗ ನೆನಪಾಯಿತು. ಯುಗಾದಿಯ ಮರುದಿನ, ಅವಳ ಕಣ್ಣು ಇನ್ನೂ ಊದಿಕೊಂಡಿತ್ತು. ಅವರು ಬಾಯಿ ಮುಚ್ಚಿಕೊಂಡು ಎಲೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಿದ್ದರು.

ಸತ್ತೇಗಾಲದಲ್ಲಿ ಇಳಿದಾಗ ಬಿಸಿಲು ನೆತ್ತಿ ದಾಟಿತ್ತು. ತೆಂಗಿನ ತೋಟದ ನೆರಳಿನಲ್ಲಿ ಈವತ್ತು ಅವರು ಮುಂದೆ, ಅವಳು ಹಿಂದೆ ನಡೆದರು. ಈಚೆಗೆ ಅದು ತಿರುಗುಮುರುಗಾಗಿತ್ತು. ಒಂದು ವರ್ಷದಿಂದ ಅವರಿಗೆ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಮಾತಾಡುವ ಚಾಳಿ ಹತ್ತಿತ್ತು. ಹುಣಿಸೆ ಮರದ ಹತ್ತಿರ ಒಬ್ಬ, ನಾಲೆಯ ತೂಬಿನ ಹತ್ತಿರ ಇನ್ನೊಬ್ಬ. ಯಾರೂ ಇಲ್ಲದಿದ್ದರೆ ನೀರು ಎಷ್ಟು ಬಿಟ್ಟಿದ್ದಾರೆ ಎಂದು ತೂಬನ್ನೇ ನೋಡುತ್ತ ನಿಲ್ಲುವರು. ವಯಸ್ಸಾಯಿತು, ಬಾಯಿ ಹೆಚ್ಚಾಯಿತು ಎಂದು ಗೊಣಗಿಕೊಂಡು ಅವಳು ಮುಂದೆ ಹೋಗಿಬಿಡುತ್ತಿದ್ದಳು. ಹಿಂದಿನ ಸುಗ್ಗಿಯಲ್ಲಿ ಲೊಕ್ಕನಹಳ್ಳಿಯಲ್ಲಿ ದೊಡ್ಡಿಯ ಏರು ಹತ್ತುವಾಗ ನಡುವೆಯೇ ಬಂಡೆಯ ಮೇಲೆ ಕೂತುಬಿಟ್ಟಿದ್ದರು. "ಬಾವ ಗದ್ದೆ ಸೀಮೆಯೋರು ಕಣ್ಲಾ, ಬದಿನ ಮೇಲೆ ನಡ್ದ್ ಕಾಲು, ಕಾಡಿಗೆ ಬಗ್ಗಾಕಿಲ್ಲ" ಎಂದು ಅವಳ ತಮ್ಮ ಮಾದಣ್ಣ ಗೇಲಿ ಮಾಡಿದ್ದ. ಎಲ್ಲರ ಜೊತೆ ಅವಳೂ ನಕ್ಕಿದ್ದಳು. ಅವರೂ ನಕ್ಕಿದ್ದರು, ಬಲಗಾಲಿನ ಮೀನಖಂಡವನ್ನು ಎರಡೂ ಕೈಯಲ್ಲಿ ಹಿಚುಕಿಕೊಳ್ಳುತ್ತ. ಆ ನಗು ನೆನಪಾಗಿ ಚನ್ನಮಲ್ಲಮ್ಮನಿಗೆ ಈಗ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು.

ಹುಣಿಸೆ ಮರ ಇನ್ನೂ ಒಂದಿಷ್ಟು ದೂರವಿತ್ತು. ಅವರ ಹೆಜ್ಜೆ ಚಿಕ್ಕದಾಯಿತು. ಬಲಗಾಲು ನೆಲವನ್ನು ಕೇಳಿ ಕೇಳಿ ಊರುತ್ತಿತ್ತು. ದಾರಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಮಾತಾಡಿಸಲು ಯಾರೂ ಇಲ್ಲ, ನೋಡಲು ತೂಬೂ ಇಲ್ಲ. ಅವರು ಆ ಕಡೆ ಈ ಕಡೆ ನೋಡಿದರು.

"ತಡೀರಿ ಒಸಿ" ಎಂದಳು ಚನ್ನಮಲ್ಲಮ್ಮ. "ನಿರಿಗೆ ಬಿಚ್ಕಂತು."

ಅವಳು ಚೀಲ ಕೆಳಗಿಟ್ಟು, ಎಲ್ಲಿಯೂ ಬಿಚ್ಚಿರದ ನಿರಿಗೆಯನ್ನು ಬಿಚ್ಚಿ, ಒಂದೊಂದಾಗಿ ಮಡಿಸಿ ಸಿಕ್ಕಿಸಿದಳು. ಮನಸ್ಸಿಗೆ ಬರಲಿಲ್ಲವೆಂದು ಮತ್ತೆ ಬಿಚ್ಚಿದಳು. ಅವರು ತೆಂಗಿನ ಮರಕ್ಕೆ ಒರಗಿ ನಿಂತು, ಮುಖದ ಬಿಗಿ ಸಡಿಲಿದ ಮೇಲೆ, "ನಿನ್ಗೂ ವಯಸ್ಸಾಯ್ತು ಕಣಮ್ಮಿ, ಸೀರೆ ಉಡಾದು ಮರ್ತೋಗ್ತಾ ಅದೆ" ಎಂದರು. "ಊಂ, ಆಯ್ತು" ಎಂದಳು. ತೂಬಿನ ಹತ್ತಿರ ಅವಳ ಕಾಲಿಗೆ ಕಲ್ಲು ಚುಚ್ಚಿತು. ದೊಡ್ಡಸಿದ್ದಯ್ಯನ ಕಣದ ಹತ್ತಿರ ಚೀಲ ಭಾರವಾಯಿತು. ಅವರು ಚೀಲಕ್ಕೆ ಕೈ ಚಾಚಿದರು, ಅವಳು ಕೊಡಲಿಲ್ಲ. "ಏನ್ ವಾಸ್ನೆ ಇದು?" ಎಂದು ಮೂಗು ಅರಳಿಸಿದರು. "ಲೊಕ್ಕನಳ್ಳೀಲಿ ಇಳ್ದಂಗದೆ." ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಹೇಳಬೇಕೆಂದುಕೊಂಡ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ನಿಮಗೆ ಗೊತ್ತಿತ್ತು ಎಂದು ನನಗೆ ಗೊತ್ತಾಯಿತು ಎನ್ನಬೇಕು. ಅಂದರೆ ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸುತ್ತಾರೆ. ಆ ತಲೆ ನೋಡುವ ಶಕ್ತಿ ಅವಳಿಗಿರಲಿಲ್ಲ. ಬೈದು ಬಿಡಬಹುದಿತ್ತು, ಆದರೆ ಇವರಿಗೆ ಬೈದರೆ ತನಗೆ ಉಳಿಯುವುದೇನು?

ಮನೆಯಲ್ಲಿ ಸೊಸೆ ಸುವರ್ಣಮ್ಮ ಮುದ್ದೆ ಕಟ್ಟಿ, ಸೊಪ್ಪಿನ ಬಸ್ಸಾರು ಇಳಿಸಿ ಕಾಯುತ್ತಿದ್ದಳು. ಮಗ ಗದ್ದೆಯ ಕಡೆ ಹೋಗಿದ್ದ. "ತುಪ್ಪ ಬೆಚ್ಚಗೆ ಮಾಡಿವ್ನಿ ಅತ್ತೆ, ಬಗ್ಸದೊಂದೇ ಬಾಕಿ" ಎಂದಳು ಸೊಸೆ. "ನಾನು ನೋಡ್ಕತೀನಿ, ನೀನು ಮಗೀನ ಮಲಗ್ಸೋಗು" ಎಂದು ಅವಳನ್ನು ಒಳಕೋಣೆಗೆ ಕಳಿಸಿ ಚನ್ನಮಲ್ಲಮ್ಮ ಒಲೆಯ ಮುಂದೆ ಕೂತಳು. ತುಪ್ಪದ ಚೊಂಬಿನಿಂದ ನುಗ್ಗೆಸೊಪ್ಪು ಹಾಕಿ ಕಾಯಿಸಿದ ಘಮ ಬರುತ್ತಿತ್ತು. ಹೋದ ಸೋಮವಾರ ಅವಳೇ ಕಾಯಿಸಿದ್ದು, ಆರಿದಾಗ ಮರಳು ಮರಳಾಗಿ ಕೂತಿತ್ತು. ಕೊಳ್ಳೇಗಾಲದಲ್ಲೂ ಸತ್ತೇಗಾಲದ ಚನ್ನಮಲ್ಲಮ್ಮನ ಕೈ ತುಪ್ಪ ಎಂದರೆ ಜನ ತಲೆದೂಗುತ್ತಿದ್ದರು. ದೊಡ್ಡ ಮಿಳ್ಳೆ ತೆಗೆದು ತುಪ್ಪ ತುಂಬಿದಳು, ಕೈ ತಾನಾಗಿಯೇ ತುಂಬಿತು. ತುಂಬಿದ್ದನ್ನು ನೋಡುತ್ತ ಕೂತಳು. ಅರ್ಧ ಹಾಕಿದರೆ? ಈವತ್ತೊಂದು ದಿನ ಹಾಕಿ ನಾಳೆಯಿಂದ ನಿಲ್ಲಿಸಿದರೆ? ಬೆರಳುಗಳಿಗೆ ಆ ತಣ್ಣನೆಯ ಪಾದ ಮತ್ತೆ ನೆನಪಾಯಿತು. ತುಪ್ಪವನ್ನು ಚೊಂಬಿಗೆ ಹಿಂದಕ್ಕೆ ಸುರಿದಳು. ಮಿಳ್ಳೆಯನ್ನು ಸೀಗೆಪುಡಿ ಹಾಕಿ ತೊಳೆದು, ಸೆರಗಿನಿಂದ ಒರೆಸಿ, ಬೆರಳಿನಿಂದ ಒಳಗೆಲ್ಲ ಸವರಿ ನೋಡಿದಳು. ಆಮೇಲೆ ಸೀಸೆಯ ಬಟ್ಟೆ ಕಿತ್ತು, ಒಂದು ಚಮಚ ಹುಚ್ಚೆಳ್ಳೆಣ್ಣೆಗೆ ಸಾಸಿವೆ ಬೆಳ್ಳುಳ್ಳಿ ಸಿಡಿಸಿ ಸಾರಿಗೆ ಇನ್ನೊಂದು ಒಗ್ಗರಣೆ ಕೊಟ್ಟಳು. ಮನೆಯೆಲ್ಲ ಅವ್ವನ ಅಡುಗೆಮನೆಯಾಯಿತು.

ಅವರು ಬಂದು ಬಲಗಾಲು ಒಂದಿಷ್ಟು ಚಾಚಿಕೊಂಡು ಕೂತರು. ಎಲೆಯ ಮೇಲೆ ಮುದ್ದೆ ಹಬೆಯಾಡುತ್ತಿತ್ತು. ರೂಢಿಯಂತೆ ಬೆರಳಿನಿಂದ ಮುದ್ದೆಯ ನೆತ್ತಿಗೆ ಗುಳಿ ಮಾಡಿ, ರೂಢಿಯಂತೆ ತಲೆಯೆತ್ತಿ ಅವಳ ಮುಖ ನೋಡಿದರು. ಚನ್ನಮಲ್ಲಮ್ಮ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಮಿಳ್ಳೆ ಬಗ್ಗಿಸಿದಳು.

ಏನೂ ಬೀಳಲಿಲ್ಲ. ಅವಳು ಬಗ್ಗಿಸಿಯೇ ಇದ್ದಳು. ಈ ಮನೆಯಲ್ಲಿ ಬಡಿಸುವವರು ಕೈ ಹಿಡಿಯಬಾರದು. ಅವರು ಎಲೆ ನೋಡಲಿಲ್ಲ, ಮುಖವನ್ನೇ ನೋಡುತ್ತಿದ್ದರು, ಅದಕ್ಕೆ ಮೊದಲು ತಿಳಿಯಲಿಲ್ಲ. ಸುರಿಯುವ ಸದ್ದು ಬಾರದ್ದಕ್ಕೋ ಏನೋ, ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಕೆಳಗಿಳಿಯಿತು. ಒಣಗಿದ ಗುಳಿಯನ್ನು ನೋಡಿದರು. ಮಿಳ್ಳೆಯ ಬಾಯಿಯನ್ನು ನೋಡಿದರು. ಮತ್ತೆ ಅವಳನ್ನು ನೋಡಿದರು. ಡಾಕ್ಟರ ಕೋಣೆ, ಪರದೆ, ತಾವಿಲ್ಲದಾಗ ಒಳಗೆ ನಡೆದ ಮಾತು ಎಲ್ಲವೂ ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋಗುವುದು ಅವಳಿಗೆ ಕಂಡಿತು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬರಿಯ ಮಿಳ್ಳೆಯನ್ನು ಅವಳು ನೆಟ್ಟಗೆ ಮಾಡಲಿಲ್ಲ. ಇಷ್ಟು ವರ್ಷ ಅವರು ಹೇಳದ ಮಾತನ್ನು ಅವರೇ ಹೇಳಬೇಕಾಗಿತ್ತು, ಅವಳ ಅವಮಾನದ ದಿನ ಅವಳಿಗಾಗಿ ನುಂಗಿಕೊಂಡ ಮಾತನ್ನು.

ಪುಟ್ಟಮಾದಪ್ಪ ಬಲಗೈಯೆತ್ತಿ ಮುದ್ದೆಯ ಮೇಲೆ ಅಡ್ಡ ಹಿಡಿದರು.

"ಸಾಕು ಕಣಮ್ಮಿ" ಎಂದರು. "ಕೈ ನೊಂದಾತು."

ಅವಳು ಮಿಳ್ಳೆಯನ್ನು ಕೆಳಗಿಟ್ಟಳು. ಅವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು, ಇನ್ನೊಂದು ತುತ್ತು ಮುರಿದರು. "ಬೆಳ್ಳುಳ್ಳಿ ಚೆನ್ನಾಗಿ ಸಿಡ್ದದೆ" ಎಂದರು. ಅವಳು ಸರಿದು ಅವರ ಪಕ್ಕಕ್ಕೆ ಬಂದು, ಚಾಚಿದ ಬಲಪಾದದ ಮೇಲೆ ಎರಡು ಬೆರಳಿಟ್ಟಳು. ಅವರು ಕಾಲು ಎಳೆದುಕೊಳ್ಳಲಿಲ್ಲ, ಗೋಡೆಯ ಕಡೆ ತಿರುಗಲೂ ಇಲ್ಲ. ಮಗುವನ್ನು ಮಲಗಿಸಿ ಬಂದ ಸುವರ್ಣಮ್ಮ ಬಾಗಿಲಲ್ಲಿ ಇದನ್ನು ಕಂಡು ಸದ್ದಿಲ್ಲದೆ ಹಿಂದಕ್ಕೆ ಹೋದಳು. ಚನ್ನಮಲ್ಲಮ್ಮ ಒತ್ತದೆ, ಡಾಕ್ಟರು ತೋರಿಸಿದ ಹಾಗೆ ಹುಡುಕಿದಳು. ಬೆರಳು ಒಂದಿಷ್ಟು ಮೇಲೆ ಸರಿಸಿದಳು, ಒಂದಿಷ್ಟು ಆಚೆ. ಒಂದು ಕಡೆ, ಬಹಳ ಆಳದಲ್ಲಿ, ಏನೋ ಮಿಡಿದಂತಾಯಿತು. ಅದು ಅವರದೋ ತನ್ನ ಬೆರಳಿನದೋ ಗೊತ್ತಾಗಲಿಲ್ಲ. ಅವರು ಉಂಡು ಮುಗಿಸುವವರೆಗೂ ಅವಳು ಕೈ ತೆಗೆಯಲಿಲ್ಲ.